ಪ್ರೊಜೆಕ್ಟರ್‌ನಲ್ಲಿ ಚಿತ್ರ ಕೆಟ್ಟರೆ ಯಾವ ವೈರ್ ನೋಡಬೇಕು? ಹಳೆ ಎವಿ ಕನೆಕ್ಷನ್‌ಗಳ ದೋಷ ನಿವಾರಣೆ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಹಳೆ ಡಿವಿಡಿ, ವಿಡಿಯೊ ಕ್ಯಾಸೆಟ್ ಇನ್ನೂ ಬೇಕಾದಷ್ಟಿವೆ. ಮದುವೆ, ಉಪನಯನ, ಕುಟುಂಬದ ದೈವದ ನೇಮ, ಹರಕೆಯ ಯಕ್ಷಗಾನ ಆಟ, ಎಲ್ಲ ಅದರಲ್ಲೇ ಉಂಟು. ಮನೆಗೆ ಒಂದು ಪ್ರೊಜೆಕ್ಟರ್ ಬಂದರೆ ಅದನ್ನೆಲ್ಲ ದೊಡ್ಡದಾಗಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ. ತೊಂದರೆ ಶುರುವಾಗುವುದೂ ಆವಾಗಲೇ. 21 ಇಂಚಿನ ಟಿವಿಯಲ್ಲಿ ಚೆನ್ನಾಗಿಯೇ ಇದ್ದ ಚಿತ್ರ 100 ಇಂಚಿನ ಪರದೆಯಲ್ಲಿ ಮಂಕು, ಚುಕ್ಕೆ, ಗೆರೆ. ಪರದೆಯ ವಿಸ್ತೀರ್ಣ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಆಯಿತಲ್ಲ, ವೈರಿನ ಸಣ್ಣ ಕೊರತೆಯೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಆಗ ಹೆಚ್ಚಿನವರು ಮಾಡುವುದು ಒಂದೇ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಹೋಗಿ ಇನ್ನೂ ದುಬಾರಿ ಕೇಬಲ್ ತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅನಲಾಗ್ ವಿಡಿಯೊದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಂದೊಂದು ವೈರ್ ಕೆಟ್ಟಾಗಲೂ ಚಿತ್ರ ಒಂದೊಂದು ರೀತಿ ಕೆಡುತ್ತದೆ. ಪರದೆಯನ್ನು ಸರಿಯಾಗಿ ನೋಡಿದರೆ ದೋಷ ಯಾವ ವೈರಿನಲ್ಲಿದೆ ಎಂದು ಕೂತಲ್ಲೇ ಹೇಳಬಹುದು.

ಮೊದಲು ಪ್ರೊಜೆಕ್ಟರ್‌ನ ಮೆನು ನೋಡಿ

ಯಾವ ಕೇಬಲ್ ಮುಟ್ಟುವ ಮೊದಲು ರಿಮೋಟ್‌ನಲ್ಲಿ ಮೆನು ಬಟನ್ ಒತ್ತಿ. ಮೆನುವಿನ ಅಕ್ಷರ, ಬಣ್ಣ, ಐಕಾನ್‌ಗಳನ್ನು ಪ್ರೊಜೆಕ್ಟರ್ ತಾನೇ ಬರೆಯುತ್ತದೆ. ಅದಕ್ಕೂ ನಿಮ್ಮ ಕೇಬಲಿಗೂ ಸಂಬಂಧವಿಲ್ಲ. ಮೆನು ಚೊಕ್ಕವಾಗಿ ಕಂಡು ಚಿತ್ರ ಮಾತ್ರ ಕೆಟ್ಟಿದ್ದರೆ ಲ್ಯಾಂಪ್, ಲೆನ್ಸ್, ಒಳಗಿನ ಬಣ್ಣದ ಭಾಗ ಎಲ್ಲ ಸರಿ ಇದೆ ಎಂದರ್ಥ. ದೋಷ ಇರುವುದು ಸಿಗ್ನಲ್ ಬರುವ ದಾರಿಯಲ್ಲಿ. ಮೆನುವೇ ಹಳದಿಯಾಗಿ ಅಥವಾ ಮಸುಕಾಗಿ ಕಂಡರೆ ಈ ಬರಹ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಫೋಕಸ್, ಕಲರ್ ಮೋಡ್, ಲ್ಯಾಂಪ್ ಕಡೆ ನೋಡಬೇಕು.

ನಾಲ್ಕು ಬಗೆಯ ಸಾಕೆಟ್, ನಾಲ್ಕು ಬಗೆಯ ಕೆಲಸ

ಹಳೆಯ ಪ್ರೊಜೆಕ್ಟರ್‌ನ ಹಿಂದೆ ಸಾಮಾನ್ಯವಾಗಿ ಹಳದಿ ಸಾಕೆಟ್ ಒಂದು, ನಾಲ್ಕು ಸಣ್ಣ ತೂತಿನ ದುಂಡು ಎಸ್-ವಿಡಿಯೊ ಸಾಕೆಟ್ ಒಂದು, 15 ಪಿನ್‌ನ ವಿಜಿಎ ಸಾಕೆಟ್ ಒಂದು ಇರುತ್ತದೆ. ಕೆಲವದರಲ್ಲಿ ಹಸಿರು, ನೀಲಿ, ಕೆಂಪು ಕಾಂಪೊನೆಂಟ್ ಸಾಕೆಟ್ ಬೇರೆಯೇ ಇರುತ್ತದೆ. ಇಲ್ಲದಿದ್ದರೆ ಕಾಂಪೊನೆಂಟನ್ನೂ ವಿಜಿಎ ಸಾಕೆಟ್‌ಗೇ ಕೊಡುವ ವ್ಯವಸ್ಥೆ ಇರುತ್ತದೆ.

ಹಳದಿ ಪಿನ್ ಅಂದರೆ ಕಾಂಪೊಸಿಟ್. ಬೆಳಕು, ಬಣ್ಣ, ಸಿಂಕ್ (ಗೆರೆ, ಚಿತ್ರ ಎಲ್ಲಿ ಶುರು ಎಂದು ಹೇಳುವ ಸಂಕೇತ) ಎಲ್ಲವೂ ಒಂದೇ ವೈರಿನಲ್ಲಿ. ಪಾಲ್ (PAL) ಎಂಬ ಬಣ್ಣದ ಟಿವಿ ಪದ್ಧತಿಯಲ್ಲಿ ಬಣ್ಣವನ್ನು 4.43 ಮೆಗಾಹರ್ಟ್ಸ್‌ನ ಅಲೆಯ ಮೇಲೆ ಕೂರಿಸಿ ಬೆಳಕಿನ ಸಿಗ್ನಲ್‌ನ ಒಳಗೇ ಸೇರಿಸುತ್ತಾರೆ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಮ್ಮಲ್ಲಿಗೆ ಬಂದದ್ದೂ ಇದೇ ಪಾಲ್. ಕಪ್ಪು-ಬಿಳುಪು ಟಿವಿ ಇದ್ದವರಿಗೂ ಅದೇ ಪ್ರಸಾರ ಸಿಗಲು ಇದು ಒಳ್ಳೆಯ ಉಪಾಯ. ಆದರೆ ಕುಚ್ಚಿಲಕ್ಕಿಯನ್ನೂ ಉದ್ದನ್ನೂ ಒಂದೇ ಚೀಲಕ್ಕೆ ಸುರಿದು, ಆಮೇಲೆ ಕೂತು ಹೆಕ್ಕಿದ ಹಾಗೆ ಪ್ರೊಜೆಕ್ಟರ್ ಎರಡನ್ನೂ ಬೇರೆ ಮಾಡಬೇಕು. ಅಷ್ಟಿಷ್ಟು ಒಂದರೊಳಗೆ ಇನ್ನೊಂದು ಉಳಿದೇ ಉಳಿಯುತ್ತದೆ.

ಉಳಿದದ್ದು ಎಲ್ಲಿ ಕಾಣುತ್ತದೆ ಗೊತ್ತಾ? ಯಕ್ಷಗಾನದ ಬಡಗುತಿಟ್ಟು ಶೈಲಿಯ ಯಾವುದಾದರೂ ಆಟದ ಡಿವಿಡಿ ಹಾಕಿ. ವೇಷದ ಕಸೆ ಸೀರೆಯ ಸಣ್ಣ ಚೌಕುಳಿಯನ್ನು, ಕ್ಯಾಮೆರಾ ಸ್ವಲ್ಪ ದೂರದಲ್ಲಿರುವಾಗ ನೋಡಿ. ವೇಷಧಾರಿ ಅಲುಗಾಡದೆ ನಿಂತಿದ್ದರೂ ಚೌಕುಳಿಯ ಮೇಲೆ ಹಸಿರು-ನೇರಳೆ ಛಾಯೆ ಹರಿದಾಡುತ್ತದೆ. ಕೆಂಪು ಬಟ್ಟೆಯ ಅಂಚಿನಲ್ಲಿ ಸಣ್ಣ ಚುಕ್ಕೆಗಳ ಸಾಲು ತೆವಳುತ್ತದೆ. ನನ್ನ ಪ್ರಕಾರ ಕನೆಕ್ಷನ್ ಪರೀಕ್ಷೆಗೆ ನಮ್ಮ ಊರಿನಲ್ಲಿ ಸಿಗುವ ಅತ್ಯುತ್ತಮ ಚಿತ್ರ ಇದೇ. ಕೆಂಪು, ಕಪ್ಪು, ಹಳದಿ, ಸಣ್ಣ ಚೌಕುಳಿ, ಜರಿ, ಎಲ್ಲ ಒಂದೇ ಕಡೆ.

ಇಲ್ಲೊಂದು ಎಚ್ಚರಿಕೆ. ಆ ಡಿವಿಡಿಯನ್ನು ಹಳೆ ಕ್ಯಾಸೆಟ್‌ನಿಂದ ಹಳದಿ ಪಿನ್ ಮೂಲಕವೇ ಕಾಪಿ ಮಾಡಿದ್ದರೆ ಈ ಚುಕ್ಕೆಗಳು ಡಿಸ್ಕ್‌ನಲ್ಲೇ ಅಚ್ಚಾಗಿರುತ್ತವೆ. ಆಗ ಯಾವ ಕೇಬಲ್ ತಂದರೂ ಹೋಗುವುದಿಲ್ಲ. ಕಂಡುಹಿಡಿಯುವುದು ಸುಲಭ. ರಿಮೋಟ್‌ನ ಪಾಸ್ ಬಟನ್ ಒತ್ತಿ ಚಿತ್ರವನ್ನು ನಿಲ್ಲಿಸಿ. ನಿಲ್ಲಿಸಿದ ಮೇಲೂ ಚುಕ್ಕೆಗಳು ತೆವಳುತ್ತಲೇ ಇದ್ದರೆ ಅದು ನಿಮ್ಮ ಕನೆಕ್ಷನ್‌ನ ದೋಷ. ಚಿತ್ರದ ಜೊತೆ ಚುಕ್ಕೆಯೂ ನಿಂತರೆ ಅದು ಡಿಸ್ಕ್‌ನೊಳಗಿನದು. ಕೇಬಲಿಗೆ ದುಡ್ಡು ಹಾಕುವ ಮೊದಲು ಈ ಒಂದು ಪರೀಕ್ಷೆ ಖಂಡಿತ ಮಾಡಿ.

ಎಸ್-ವಿಡಿಯೊದಲ್ಲಿ ಬೆಳಕಿಗೆ ಒಂದು ವೈರ್, ಬಣ್ಣಕ್ಕೆ ಇನ್ನೊಂದು. ಬೆರೆಸುವುದೇ ಇಲ್ಲ, ಹಾಗಾಗಿ ತೆವಳುವ ಚುಕ್ಕೆಯೂ ಇಲ್ಲ. ಕಾಂಪೊನೆಂಟ್ ಇನ್ನೂ ಒಂದು ಹೆಜ್ಜೆ ಮುಂದೆ. ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವ ವಿಷಯ ಒಂದಿದೆ. ಹಸಿರು ಪಿನ್‌ನಲ್ಲಿ ಬರುವುದು ಹಸಿರು ಬಣ್ಣ ಅಲ್ಲ. ಬೆಳಕು-ಕತ್ತಲೆಯ ಇಡೀ ಚಿತ್ರ ಮತ್ತು ಸಿಂಕ್ ಅದರಲ್ಲೇ ಬರುತ್ತದೆ. ನೀಲಿ ಪಿನ್‌ನಲ್ಲಿ ನೀಲಿಗೂ ಬೆಳಕಿಗೂ ಇರುವ ವ್ಯತ್ಯಾಸ, ಕೆಂಪು ಪಿನ್‌ನಲ್ಲಿ ಕೆಂಪಿಗೂ ಬೆಳಕಿಗೂ ಇರುವ ವ್ಯತ್ಯಾಸ. ಹಸಿರನ್ನು ಪ್ರೊಜೆಕ್ಟರ್ ಈ ಮೂರರಿಂದ ಲೆಕ್ಕ ಹಾಕಿ ತೆಗೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಣ್ಣದ ದೋಷ ಓದುವಾಗ ಬೇಕಾಗುತ್ತದೆ.

ವಿಜಿಎ 1987ರಲ್ಲಿ ಐಬಿಎಂ ಕಂಪ್ಯೂಟರ್‌ಗಳ ಜೊತೆ ಬಂದದ್ದು. ಅದರಲ್ಲಿ ಮಾತ್ರ ಕೆಂಪು, ಹಸಿರು, ನೀಲಿ ನಿಜವಾಗಿಯೂ ಬೇರೆ ಬೇರೆ ವೈರಿನಲ್ಲಿ ಬರುತ್ತವೆ. ಅಡ್ಡ ಸಿಂಕ್, ಲಂಬ ಸಿಂಕ್‌ಗೂ ಪ್ರತ್ಯೇಕ ವೈರ್.

ಚಿತ್ರವೇ ಬರುತ್ತಿಲ್ಲ

ಸೋರ್ಸ್ ಬಟನ್ ಒತ್ತಿ ಸರಿಯಾದ ಸಾಕೆಟ್ ಆರಿಸಿದ್ದೀರಾ ನೋಡಿ. ಡಿವಿಡಿ ಪ್ಲೇಯರ್‌ನಲ್ಲಿ ಔಟ್ ಸಾಕೆಟ್‌ಗೇ ಹಾಕಿದ್ದೀರಾ ನೋಡಿ. ಇವೆರಡೂ ಸರಿ ಇದ್ದರೆ ಅನುಮಾನ ಪ್ಲೇಯರ್‌ನ ಸೆಟ್ಟಿಂಗ್ ಮೇಲೆ.

ಕಾಂಪೊನೆಂಟ್ ಸಾಕೆಟ್ ಇರುವ ಪ್ಲೇಯರ್‌ಗಳಲ್ಲಿ ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಕೊಡದೆ ಎಲ್ಲವನ್ನೂ ಸಾಲಾಗಿ ಕೊಡುವ ಪ್ರೋಗ್ರೆಸಿವ್ ಸ್ಕ್ಯಾನ್ ಎಂಬ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಎಷ್ಟೋ ಪ್ಲೇಯರ್‌ಗಳಲ್ಲಿ ಹಳದಿ ಸಾಕೆಟ್‌ನಿಂದ ಚಿತ್ರ ಬರುವುದೇ ನಿಂತುಹೋಗುತ್ತದೆ, ಇಲ್ಲವೇ ಹರಿದು ಚಿಂದಿಯಾದ ಹಾಗೆ ಬರುತ್ತದೆ. ಪ್ಲೇಯರ್‌ನ ಮೆನುವಿಗೆ ಹೋಗಿ ಆಫ್ ಮಾಡೋಣ ಎಂದರೆ ಮೆನುವೂ ಕಾಣುವುದಿಲ್ಲ. ಪ್ಲೇಯರ್ ಸತ್ತಿತು ಎಂದು ಎಷ್ಟೋ ಜನ ಅದನ್ನು ಮೂಲೆಗೆ ಹಾಕಿದ್ದಾರೆ. ಅದು ಸತ್ತಿರುವುದಿಲ್ಲ. ಡಿಸ್ಕ್ ತೆಗೆದು, ರಿಮೋಟ್‌ನಲ್ಲಿ ಪಿ-ಸ್ಕ್ಯಾನ್ ಅಥವಾ ವಿ-ಮೋಡ್ ಎಂಬ ಬಟನ್ ಇದ್ದರೆ ಒತ್ತಿ. ಒಂದೊಂದು ಸಲ ಒತ್ತಿದಾಗಲೂ ಔಟ್‌ಪುಟ್ ಬದಲಾಗುತ್ತಾ ಹೋಗುತ್ತದೆ. ಪರದೆಯಲ್ಲಿ ಏನಾದರೂ ಬರುವ ತನಕ ಪ್ರತಿ ಸಲವೂ ಸ್ವಲ್ಪ ಕಾಯಿರಿ. ಹೊಸ ಸಿಗ್ನಲ್ ಹಿಡಿಯಲು ಪ್ರೊಜೆಕ್ಟರ್‌ಗೆ ಕೆಲವು ಸೆಕೆಂಡ್ ಬೇಕು. ಪಟಪಟ ಒತ್ತಿದರೆ ಸರಿಯಾದದ್ದನ್ನು ದಾಟಿ ಹೋಗುತ್ತೀರಿ.

ಕೇಬಲ್ ಟಿವಿಯ ಸೆಟ್ ಟಾಪ್ ಬಾಕ್ಸ್‌ನದ್ದು ಬೇರೆ ಕಥೆ. ಬಹಳಷ್ಟು ಬಾಕ್ಸ್‌ಗಳಲ್ಲಿ ಚಿತ್ರಕ್ಕೆ ಹಳದಿ, ಸದ್ದಿಗೆ ಕೆಂಪು ಮತ್ತು ಬಿಳಿ ಎಂಬ ಮೂರು ಸಾಕೆಟ್‌ನ ಬದಲು ಹೆಡ್‌ಫೋನಿನಂಥ ಒಂದೇ 3.5 ಮಿಲಿಮೀಟರ್ ತೂತು ಇರುತ್ತದೆ. ಅದಕ್ಕೆ ಹಾಕುವ ಪಿನ್ ಮೇಲೆ ಮೂರು ಕಪ್ಪು ಉಂಗುರ, ನಾಲ್ಕು ಲೋಹದ ಭಾಗ. ಯಾವ ಭಾಗದಲ್ಲಿ ವಿಡಿಯೊ, ಯಾವುದರಲ್ಲಿ ಗ್ರೌಂಡ್ (ಸಿಗ್ನಲ್ ವಾಪಸ್ ಹೋಗುವ ದಾರಿ) ಎನ್ನುವುದು ಎಲ್ಲ ಕಂಪನಿಗೂ ಒಂದೇ ಅಲ್ಲ. ಅಂಗಡಿಯಿಂದ ತಂದ ಕೇಬಲ್ ಬಾಕ್ಸ್‌ಗೆ ಸರಿಯಾಗಿ ಕೂರುತ್ತದೆ, ಆದರೆ ಹಳದಿ ಪಿನ್‌ನಲ್ಲಿ ಚಿತ್ರದ ಬದಲು ಸದ್ದಿನ ಸಿಗ್ನಲ್ ಬರುತ್ತದೆ. ಪರದೆ ಕಪ್ಪು, ಸ್ಪೀಕರ್‌ನಲ್ಲಿ ಬರ್ರ್ ಎಂದು ಸದ್ದು. ಹೀಗಾದರೆ ಪ್ರೊಜೆಕ್ಟರ್‌ನ ಹಳದಿ ಸಾಕೆಟ್‌ಗೆ ಕೆಂಪು ಪಿನ್ ಹಾಕಿ ನೋಡಿ, ಆಮೇಲೆ ಬಿಳಿ ಪಿನ್. ಒಂದರಲ್ಲಿ ಚಿತ್ರ ಬಂದರೆ ಕೆಲಸ ಮುಗಿಯಿತು, ಪಿನ್‌ನ ಬಣ್ಣ ಬರೀ ಪ್ಲಾಸ್ಟಿಕ್ ಅಷ್ಟೇ. ಮೂರರಲ್ಲೂ ಬರದಿದ್ದರೆ ಗ್ರೌಂಡ್‌ನ ಜಾಗವೇ ಬೇರೆ ಇದೆ. ಆಗ ಆ ಬಾಕ್ಸ್‌ನ ಜೊತೆ ಬಂದ ಕೇಬಲ್ಲೇ ಬೇಕು.

ಇನ್ನೊಂದು, ಇದನ್ನು ಜಾಸ್ತಿ ವಿವರಿಸುವ ಅಗತ್ಯವಿಲ್ಲ: ಒಂದು ತುದಿಯಲ್ಲಿ ವಿಜಿಎ, ಇನ್ನೊಂದರಲ್ಲಿ ಮೂರು ಬಣ್ಣದ ಪಿನ್ ಇರುವ ಸಾದಾ ಕೇಬಲ್ ಲ್ಯಾಪ್‌ಟಾಪ್‌ನ ಚಿತ್ರವನ್ನು ಹಳದಿ ಸಾಕೆಟ್‌ಗೆ ಬದಲಿಸಿ ಕೊಡುವುದಿಲ್ಲ. ಅದರೊಳಗೆ ಬರೀ ವೈರ್ ಇರುವುದು. ಬದಲಿಸಲು ಕರೆಂಟ್ ಬೇಕಾಗುವ ಕನ್ವರ್ಟರ್ ಬೇಕು.

ಚಿತ್ರ ಉಂಟು, ಬಣ್ಣ ಇಲ್ಲ

ಪಕ್ಕದ ಮನೆಯ ಮಾವ ಒಮ್ಮೆ ಫೋನ್ ಮಾಡಿ, "ಎಂತ ಮಾರಾಯ, ಹೊಸ ಕೇಬಲ್ ತಂದ್ರೂ ಬಣ್ಣವೇ ಬರುದಿಲ್ಲ" ಎಂದರು. "ಮಾವ, ಹಳದಿ ಪಿನ್ ಯಾವ ಸಾಕೆಟ್‌ನಲ್ಲಿ ಉಂಟು?" ಎಂದು ಕೇಳಿದೆ. "ಹಸಿರಿನಲ್ಲಿ. ಹಳದಿ ಸಾಕೆಟ್ ಕಾಣುದಿಲ್ಲ ಇಲ್ಲಿ" ಎಂದರು. ಕಾರಣ ಅಷ್ಟೇ ಆಗಿತ್ತು. ಹಳದಿ ಪಿನ್‌ನ ಸಿಗ್ನಲ್ಲನ್ನು ಕಾಂಪೊನೆಂಟ್‌ನ ಹಸಿರು ಸಾಕೆಟ್‌ಗೆ ಕೊಟ್ಟರೆ ಪ್ರೊಜೆಕ್ಟರ್ ಅದನ್ನು ಬರೀ ಬೆಳಕು ಎಂದುಕೊಳ್ಳುತ್ತದೆ. ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ. ಹತ್ತಿರ ಹೋಗಿ ನೋಡಿದರೆ ಬಣ್ಣ ಇರಬೇಕಾದ ಜಾಗದಲ್ಲೆಲ್ಲ ಪುಡಿ ಪುಡಿ ಚುಕ್ಕೆಯ ಜಾಲರಿ ಕಾಣುತ್ತದೆ. ಆ ಜಾಲರಿಯೇ ಬಿಡಿಸದೆ ಉಳಿದ ಬಣ್ಣ. ಜಾಲರಿ ಕಂಡರೆ ಬೇರೆ ಏನೂ ಹುಡುಕಬೇಡಿ, ಪಿನ್ ತಪ್ಪು ಸಾಕೆಟ್‌ನಲ್ಲಿದೆ.

ಜಾಲರಿ ಇಲ್ಲದೆ ಚೊಕ್ಕ ಕಪ್ಪು-ಬಿಳುಪು ಚಿತ್ರ ಬಂದರೆ ಬಣ್ಣದ ವೈರ್ ತಲುಪುತ್ತಿಲ್ಲ. ಎಸ್-ವಿಡಿಯೊದಲ್ಲಾದರೆ ನಾಲ್ಕನೆಯ ಪಿನ್‌ನಲ್ಲಿ ಬಣ್ಣ, ಮೂರನೆಯದರಲ್ಲಿ ಬೆಳಕು. ಈ ಪಿನ್‌ಗಳು ತೀರಾ ತೆಳ್ಳಗೆ, ಕತ್ತಲಲ್ಲಿ ಒತ್ತಿ ಹಾಕಿದರೆ ಬಗ್ಗಿಯೇ ಬಗ್ಗುತ್ತವೆ. ಕಾಂಪೊನೆಂಟ್‌ನಲ್ಲಾದರೆ ನೀಲಿ, ಕೆಂಪು ಎರಡೂ ಸಡಿಲ ಇವೆ. ಎಸ್-ವಿಡಿಯೊದಿಂದ ಹಳದಿಗೆ ಹಾಕುವ ಅಗ್ಗದ ಅಡಾಪ್ಟರ್‌ಗಳಲ್ಲೂ ಕೆಲವು ಬೆಳಕಿನ ವೈರನ್ನು ಮಾತ್ರ ದಾಟಿಸುತ್ತವೆ.

ವೈರ್ ಎಲ್ಲ ಸರಿ ಇದ್ದೂ ಬಣ್ಣ ಬರದಿದ್ದರೆ ಅದು ಪಾಲ್ ಮತ್ತು ಅಮೆರಿಕದ ಬಣ್ಣದ ಪದ್ಧತಿಯಾದ ಎನ್‌ಟಿಎಸ್‌ಸಿ ನಡುವಿನ ಗಲಾಟೆ. ಅಮೆರಿಕದಲ್ಲಿರುವ ಮಕ್ಕಳು ಕಳಿಸಿದ ಡಿಸ್ಕ್ ಎನ್‌ಟಿಎಸ್‌ಸಿ. ಅದರ ಬಣ್ಣದ ಅಲೆ 3.58 ಮೆಗಾಹರ್ಟ್ಸ್. ಪ್ರೊಜೆಕ್ಟರ್‌ನ ಮೆನುವಿನಲ್ಲಿ ವಿಡಿಯೊ ಸಿಸ್ಟಮ್ ಆಟೋದಲ್ಲಿ ಇರಲಿ. ಕಾಂಪೊನೆಂಟ್‌ನಲ್ಲಿ ಬಣ್ಣದ ಅಲೆಯೇ ಇಲ್ಲವಾದ್ದರಿಂದ ಈ ಜಗಳವೂ ಇಲ್ಲ.

ಇಡೀ ಪರದೆಗೆ ಒಂದೇ ಬಣ್ಣ ಬಳಿದ ಹಾಗೆ

ಇಲ್ಲಿ ಚಿತ್ರ ಅತ್ಯಂತ ಸ್ಪಷ್ಟವಾಗಿ ಮಾತಾಡುತ್ತದೆ. ವಿಜಿಎಯಲ್ಲಿ ಕೆಂಪು ವೈರ್ ತಪ್ಪಿದರೆ ಬಿಳಿ ಜಾಗ ತಿಳಿ ನೀಲಿ-ಹಸಿರು ಆಗುತ್ತದೆ. ಹಸಿರು ತಪ್ಪಿದರೆ ಕಡು ಗುಲಾಬಿ. ನೀಲಿ ತಪ್ಪಿದರೆ ಹಳದಿ. ಅಂದರೆ ಇಲ್ಲದ ಬಣ್ಣವನ್ನು ಹುಡುಕಿ, ಅದೇ ವೈರ್. ಪ್ಲಗ್‌ನ ಅಗಲವಾದ ಬದಿ ಮೇಲಿರುವಂತೆ ಹಿಡಿದು ಪಿನ್‌ಗಳನ್ನು ಎದುರಿಂದ ನೋಡಿದರೆ ಮೇಲಿನ ಸಾಲಿನಲ್ಲಿ ಎಡದಿಂದ ಮೊದಲನೆಯದು ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ಮೊಬೈಲ್‌ನ ಟಾರ್ಚ್ ಓರೆಯಾಗಿ ಹಿಡಿಯಿರಿ. ನೇರ ಇರುವ ಪಿನ್‌ಗಳ ನೆರಳು ಒಂದೇ ಕಡೆ ಬೀಳುತ್ತದೆ, ಬಗ್ಗಿದ್ದು ಮಾತ್ರ ಬೇರೆ ಕಡೆ. ಸಣ್ಣ ಚಿಮಟದಿಂದ ಬುಡದಲ್ಲಿ ಹಿಡಿದು ಒಂದೇ ಸಲ ನಿಧಾನಕ್ಕೆ ಎತ್ತಿ. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತದೆ.

ನಡುವಿನ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ. ಒಂಬತ್ತನೆಯ ಪಿನ್ ಇಲ್ಲದ ವಿಜಿಎ ಕೇಬಲ್‌ಗಳು ಎಷ್ಟೋ ಇವೆ, ಚಿತ್ರಕ್ಕೆ ಅದು ಬೇಡ. ಕೆಳಗಿನ ಸಾಲಿನ 12 ಮತ್ತು 15ನೆಯ ಪಿನ್‌ಗಳು ಬೇಕು. ಪ್ರೊಜೆಕ್ಟರ್ ತನ್ನ ಅಳತೆಯನ್ನು ಲ್ಯಾಪ್‌ಟಾಪ್‌ಗೆ ಹೇಳುವುದು ಅವುಗಳಲ್ಲಿ. ಅವು ತಪ್ಪಿದರೆ ಬಣ್ಣ ಕೆಡುವುದಿಲ್ಲ, ಆದರೆ ಲ್ಯಾಪ್‌ಟಾಪ್ ಸರಿಯಾದ ರೆಸಲ್ಯೂಶನ್ ತೋರಿಸುವುದಿಲ್ಲ.

ಕಾಂಪೊನೆಂಟ್ ಸಿಗ್ನಲ್ಲನ್ನು ವಿಜಿಎ ಸಾಕೆಟ್‌ಗೆ ಕೊಟ್ಟಾಗ ಎಲ್ಲವೂ ಹಸಿರಾಗಿ ಕಂಡರೆ ಕೇಬಲ್ ಕೆಟ್ಟಿಲ್ಲ. ಪ್ರೊಜೆಕ್ಟರ್ ಅದನ್ನು ಕಂಪ್ಯೂಟರ್ ಸಿಗ್ನಲ್ ಎಂದುಕೊಂಡಿದೆ. ಹಸಿರು ಪಿನ್‌ನ ಬೆಳಕನ್ನೆಲ್ಲ ಹಸಿರು ಬಣ್ಣವಾಗಿಯೇ ಹಾಕುತ್ತಿದೆ. ಇದರ ತಿರುವುಮುರುವು ಆದರೆ, ಅಂದರೆ ಲ್ಯಾಪ್‌ಟಾಪ್ ಹಾಕಿ ಮೆನುವಿನಲ್ಲಿ ಕಾಂಪೊನೆಂಟ್ ಆರಿಸಿದ್ದರೆ, ಬಿಳಿಯೆಲ್ಲ ಗುಲಾಬಿಯಾಗುತ್ತದೆ. ಎರಡಕ್ಕೂ ಮದ್ದು ಒಂದೇ. ಮೆನುವಿನ ಸಿಗ್ನಲ್ ಅಥವಾ ಇನ್‌ಪುಟ್ ವಿಭಾಗದಲ್ಲಿ ಸರಿಯಾದ ಬಗೆ ಆರಿಸಿ.

ಕಾಂಪೊನೆಂಟ್‌ನ ಮೂರು, ಸದ್ದಿನ ಎರಡು ಸೇರಿ ಐದು ಪಿನ್‌ನ ಕೇಬಲ್ ಬಳಸುವವರು ಕೆಂಪು ಎರಡಿದೆ ಎನ್ನುವುದನ್ನು ಮರೆಯಬಾರದು. ಒಂದು ಚಿತ್ರದ್ದು, ಇನ್ನೊಂದು ಬಲಗಡೆಯ ಸ್ಪೀಕರ್‌ನದ್ದು. ಅದಲು ಬದಲಾದರೆ ಮುಖಗಳೆಲ್ಲ ಹಸಿರು ತಿರುಗುತ್ತವೆ, ಚೆಂಡೆಯ ಪೆಟ್ಟು ಬಿದ್ದಾಗ ಪರದೆಯ ಮೇಲೆ ಬಣ್ಣದ ಅಡ್ಡಗೆರೆ ಹಾಯುತ್ತದೆ, ಸ್ಪೀಕರ್‌ನಲ್ಲಿ ಬರ್ರ್ ಸದ್ದು. ಪ್ಲೇಯರ್‌ಗೆ ಹಾಕುವ ಮೊದಲೇ ಚಿತ್ರದ ಕೆಂಪು ಪಿನ್‌ಗೆ ಎರಡೂ ತುದಿಯಲ್ಲಿ ಬಿಳಿ ಟೇಪ್ ಸುತ್ತಿಡಿ.

ತೇಲುವ ಪಟ್ಟಿ

ಪರದೆಯ ಮೇಲೆ ಅಗಲವಾದ ಅಡ್ಡಪಟ್ಟಿ ಒಂದೋ ಎರಡೋ ನಿಧಾನಕ್ಕೆ ಮೇಲಕ್ಕೋ ಕೆಳಕ್ಕೋ ತೇಲುತ್ತಿದ್ದರೆ, ಜೊತೆಗೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತಿದ್ದರೆ, ಅದು ಗ್ರೌಂಡ್ ಲೂಪ್. ನಮ್ಮ ಮನೆಗಳಲ್ಲಿ ಬಹಳ ಸಾಮಾನ್ಯ. ಪ್ರೊಜೆಕ್ಟರ್ ಒಂದು ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ಆಗಿರುತ್ತದೆ. ಸೆಟ್ ಟಾಪ್ ಬಾಕ್ಸ್‌ಗೆ ಕೇಬಲ್ ಟಿವಿಯ ದಪ್ಪ ವೈರ್ ಬೀದಿಯ ಕಂಬದಿಂದ ಬೇರೆಯೇ ಅರ್ಥ್ ತಂದಿರುತ್ತದೆ. ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ನಿಮ್ಮ ವಿಡಿಯೊ ಕೇಬಲ್‌ನ ಹೊರ ಹೆಣಿಗೆಯಲ್ಲಿ ಹರಿಯುತ್ತದೆ. ವಿಡಿಯೊ ಸಿಗ್ನಲ್ಲೇ ಹೆಚ್ಚೆಂದರೆ ಒಂದು ವೋಲ್ಟ್. ಅಷ್ಟರಲ್ಲಿ ಸಣ್ಣ ಏರುಪೇರೂ ಕಾಣುತ್ತದೆ.

ಪಟ್ಟಿ ಎಷ್ಟು ಬೇಗ ಓಡುತ್ತದೆ ಎನ್ನುವುದನ್ನೂ ಗಮನಿಸಿ. ಪಾಲ್ ಚಿತ್ರದಲ್ಲಿ ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), ನಮ್ಮ ಕರೆಂಟೂ 50 ಹರ್ಟ್ಸ್. ಎರಡೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಪಟ್ಟಿ ನಿಂತ ಹಾಗೆ, ಇಲ್ಲವೇ ಸೋಮಾರಿಯಾಗಿ ತೇಲುತ್ತದೆ. ಲ್ಯಾಪ್‌ಟಾಪ್ 60 ಹರ್ಟ್ಸ್‌ನಲ್ಲಿದ್ದರೆ ಅದೇ ಪಟ್ಟಿ ಸರಸರ ಓಡುತ್ತದೆ. ಓಟ ಬದಲಾಯಿತು ಎಂದು ದೋಷವೂ ಬೇರೆ ಎಂದುಕೊಳ್ಳಬೇಡಿ.

ಖಚಿತ ಮಾಡಿಕೊಳ್ಳಲು ಬಾಕ್ಸ್‌ನ ಹಿಂದಿನ ಕೇಬಲ್ ಟಿವಿ ವೈರನ್ನು ಬಿಚ್ಚಿ, ಬಾಕ್ಸ್‌ನ ಮೆನು ಮಾತ್ರ ಪರದೆಯಲ್ಲಿ ಇಡಿ. ಪಟ್ಟಿ ಮಾಯವಾದರೆ ಕಾರಣ ಸಿಕ್ಕಿತು. ಮೊದಲ ಉಪಾಯ: ಪ್ರೊಜೆಕ್ಟರ್, ಬಾಕ್ಸ್, ಪ್ಲೇಯರ್, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಪ್ಲೇಯರ್, ಲ್ಯಾಪ್‌ಟಾಪ್‌ನ ಪಟ್ಟಿ ಇದರಲ್ಲೇ ಹೋಗುವುದುಂಟು. ಹೋಗದಿದ್ದರೆ ಕೇಬಲ್ ಟಿವಿ ವೈರ್ ಬಾಕ್ಸ್‌ಗೆ ಸೇರುವ ಜಾಗದಲ್ಲಿ ಸಿಗ್ನಲ್ ಬಿಟ್ಟು ಅರ್ಥ್ ಕೊಂಡಿ ತಪ್ಪಿಸುವ ಐಸೊಲೇಟರ್ ಹಾಕಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ಲಗ್‌ನ ದಪ್ಪ ಅರ್ಥ್ ಪಿನ್ ಕತ್ತರಿಸಿದರೆ ಪಟ್ಟಿ ಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಹೋಗುತ್ತದೆ, ನಿಜ. ಆದರೆ ಒಳಗೆ ಏನಾದರೂ ಲೀಕ್ ಆದರೆ ಪ್ರೊಜೆಕ್ಟರ್‌ನ ಲೋಹದ ಭಾಗ ಮುಟ್ಟಿದವರಿಗೆ ಶಾಕ್. ಮಳೆಗಾಲದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಮಗುವಿಗೆ ಅದು ಜೀವಕ್ಕೇ ಅಪಾಯ. ಅರ್ಥ್ ಪಿನ್ ಮುಟ್ಟಲೇಬೇಡಿ.

ನೆರಳು, ಮಂಕು, ಕತ್ತಲೆ

ಅಕ್ಷರದ ಬಲಗಡೆ ಅದರದೇ ತೆಳು ನೆರಳು ಕಂಡರೆ ಸಿಗ್ನಲ್ ಕೇಬಲ್‌ನಲ್ಲಿ ಮಾರ್ದನಿ ಕೊಡುತ್ತಿದೆ. ವಿಡಿಯೊಗೆ 75 ಓಮ್ ಕೇಬಲ್ ಬೇಕು. ಕೆಂಪು-ಬಿಳಿ ಆಡಿಯೊ ಕೇಬಲ್ ನೋಡಲು ಹಾಗೆಯೇ ಇರುತ್ತದೆ, ಒಂದು ಮೀಟರ್ ಉದ್ದಕ್ಕೆ ವ್ಯತ್ಯಾಸವೂ ಕಾಣದು. ಟಿವಿ ಸ್ಟ್ಯಾಂಡ್‌ನಿಂದ ಸೀಲಿಂಗ್‌ವರೆಗೆ ಹತ್ತು ಮೀಟರ್ ಎಳೆದಾಗ ಕಾಣುತ್ತದೆ. ಉದ್ದ ಜಾಸ್ತಿ ಇದ್ದರೆ ಆರ್‌ಜಿ-59 ಬಗೆಯ 75 ಓಮ್ ಕೇಬಲ್ ತಂದು ತುದಿಗೆ ಪಿನ್ ಸೋಲ್ಡರ್ ಮಾಡಿಸಿ. ಚಿನ್ನದ ಬಣ್ಣದ ದುಬಾರಿ ಕೇಬಲ್‌ಗಿಂತ ಇದು ಎಷ್ಟೋ ಮೇಲು. ವಿಜಿಎಯಲ್ಲೂ ಹಾಗೆ. ತೆಳ್ಳನೆಯ ಅಗ್ಗದ ಕೇಬಲ್ ಉದ್ದವಾದಷ್ಟೂ ಅಕ್ಷರ ಮಸುಕು.

ವಿಜಿಎಯಲ್ಲಿ ಸಣ್ಣ ಅಕ್ಷರಗಳು ನಡುಗುತ್ತಿದ್ದರೆ ಅಥವಾ ಲಂಬವಾದ ಮಸುಕು ಪಟ್ಟಿ ಕಂಡರೆ ರಿಮೋಟ್‌ನ ಆಟೋ ಬಟನ್ ಒತ್ತಿ. ಅದಕ್ಕೂ ಹೋಗದಿದ್ದರೆ ಮೆನುವಿನಲ್ಲಿ ಮೊದಲು ಫ್ರೀಕ್ವೆನ್ಸಿ, ಆಮೇಲೆ ಫೇಸ್ ಅಥವಾ ಟ್ರ್ಯಾಕಿಂಗ್ ಬದಲಿಸಿ. ಈ ಕ್ರಮ ತಿರುಗಿಸಿದರೆ ಸುಮ್ನೆ ಸಮಯ ಹಾಳು.

ಟಿವಿಯಲ್ಲೂ ಪ್ರೊಜೆಕ್ಟರ್‌ನಲ್ಲೂ ಒಟ್ಟಿಗೆ ಬರಲಿ ಎಂದು ಹಳದಿ ಪಿನ್‌ಗೆ ಕವಲು ಜಾಯಿಂಟ್ ಹಾಕಿದ್ದರೆ ಎರಡರಲ್ಲೂ ಚಿತ್ರ ಕತ್ತಲೆಯಾಗುತ್ತದೆ. ಲೆಕ್ಕ ಸರಳ. ಒಂದೇ ಔಟ್‌ಪುಟ್‌ಗೆ 75 ಓಮ್‌ನ ಎರಡು ಹೊರೆ ಬಿದ್ದಾಗ ವೋಲ್ಟೇಜ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದು ಬಣ್ಣವಾಗುತ್ತದೆ ಅಷ್ಟೇ. ಒಂದನ್ನು ಬಿಚ್ಚಿಡಿ, ಇಲ್ಲವೇ ಕರೆಂಟ್‌ನಲ್ಲಿ ಓಡುವ ಸ್ಪ್ಲಿಟರ್ ಹಾಕಿ.

ಉಪ್ಪು ಗಾಳಿ ಮತ್ತು ಗುಡುಗು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರು ನಮ್ಮದು, ಜೊತೆಗೆ ಸಮುದ್ರದ ಗಾಳಿ. ಜೂನ್‌ನಲ್ಲಿ ಕಟ್ಟಿಟ್ಟ ಕೇಬಲನ್ನು ನವರಾತ್ರಿಗೆ ತೆಗೆದರೆ ಪಿನ್‌ನ ಹೊರ ಬಳೆಯೊಳಗೆ ಹಸಿರು ಹುಡಿ ಕೂತಿರುತ್ತದೆ. ಪಿನ್ ಅಲುಗಿಸಿದಾಗ ಬಣ್ಣ ಬಂದು ಹೋಗಿ ಮಾಡಿದರೆ ಇದೇ ಕಾರಣ. ಎಲ್ಲದರ ಸ್ವಿಚ್ ಆಫ್ ಮಾಡಿ, ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಸಾಕೆಟ್‌ನಲ್ಲಿ ಪಿನ್ನನ್ನು ಕೆಲವು ಸಲ ತಿರುಗಿಸಿ ತೆಗೆದರೆ ಒಳಗಿನ ಪದರವೂ ಸವೆದು ಹೋಗುತ್ತದೆ. ಮರಳು ಕಾಗದ ಬೇಡ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಸಿರು ಹತ್ತುತ್ತದೆ.

ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು, ಅಕ್ಟೋಬರ್‌ನ ಗುಡುಗು, ಎರಡೂ ಅಪಾಯ. ಪ್ಲಗ್ ಎಳೆದರೆ ಸಾಲದು. ಕೇಬಲ್ ಟಿವಿ ವೈರನ್ನೂ ಬಾಕ್ಸ್‌ನಿಂದ ಬಿಚ್ಚಬೇಕು. ಸಿಡಿಲಿನ ಹೊಡೆತ ಆ ದಾರಿಯಲ್ಲಿ ಬಂದು, ಹಳದಿ ಕೇಬಲ್ ಮೂಲಕ ಪ್ರೊಜೆಕ್ಟರ್ ತನಕ ಹೋಗಬಲ್ಲದು.

ಹಾಗಾದರೆ ಯಾವುದನ್ನು ಆರಿಸುವುದು?

ಎಲ್ಲಿಂದ ಚಿತ್ರ ಬರುತ್ತದೆ ಎನ್ನುವುದರ ಮೇಲೆ ಹೋಗುತ್ತದೆ. ಮನೆಯ ವಿಎಚ್‌ಎಸ್ ಕ್ಯಾಸೆಟ್‌ಗೆ ಹಳದಿ ಪಿನ್ ಸಾಕು. ಆ ಕ್ಯಾಸೆಟ್‌ನಲ್ಲಿರುವುದೇ ಸುಮಾರು 240 ಗೆರೆಯಷ್ಟು ವಿವರ, ಬಣ್ಣ ಅದಕ್ಕಿಂತಲೂ ಮಂದ. ಮದುಮಗಳ ಕೆಂಪು ಸೀರೆ ಅಂಚು ದಾಟಿ ಹರಡಿದ ಹಾಗೆ ಕಾಣುವುದು ಕ್ಯಾಸೆಟ್‌ನ ಗುಣ. ಅದಕ್ಕೆ ಕಾಂಪೊನೆಂಟ್ ಹುಡುಕುವುದು ವ್ಯರ್ಥ.

ಡಿವಿಡಿಗೆ ಮಾತ್ರ ಕಾಂಪೊನೆಂಟ್ ಹಾಕಲೇಬೇಕು ಎನ್ನುವವನು ನಾನು. ಡಿಸ್ಕ್‌ನಲ್ಲಿ ಚಿತ್ರವನ್ನು ಬೆಳಕು ಮತ್ತು ಎರಡು ಬಣ್ಣ ವ್ಯತ್ಯಾಸಗಳಾಗಿಯೇ ಬರೆದಿರುತ್ತಾರೆ. ಕಾಂಪೊನೆಂಟ್‌ನಲ್ಲಿ ಅದು ಹಾಗೇ ಹೊರಗೆ ಬರುತ್ತದೆ. ಹಳದಿ ಪಿನ್‌ನಲ್ಲಾದರೆ ಬೇರೆ ಇದ್ದದ್ದನ್ನು ಬೆರೆಸಿ, ಮತ್ತೆ ಬೇರೆ ಮಾಡುವ ಕೆಲಸ. ಮೊದಲು ಹೇಳಿದ ಕಸೆ ಸೀರೆಯ ಚೌಕುಳಿಯನ್ನು ಎರಡರಲ್ಲೂ ನೋಡಿದರೆ ಯಾರೂ ಹಳದಿಗೆ ವಾಪಸ್ ಹೋಗುವುದಿಲ್ಲ. ಹಾಕಿದ ಮೇಲೆ ಪ್ರೋಗ್ರೆಸಿವ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ, ವೇಷ ಗಿರಕಿ ಹೊಡೆಯುವ ಜಾಗವನ್ನು ನೋಡಿ. ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳುವುದು ಯಾವುದರಲ್ಲಿ ಕಮ್ಮಿಯೋ ಅದನ್ನೇ ಇಟ್ಟುಕೊಳ್ಳಿ. ಕೆಲವು ಕಡೆ ಪ್ಲೇಯರ್ ಜಾಣ, ಕೆಲವು ಕಡೆ ಪ್ರೊಜೆಕ್ಟರ್ ಜಾಣ. ಕಾಂಪೊನೆಂಟ್ ಇಲ್ಲದಿದ್ದರೆ ಎಸ್-ವಿಡಿಯೊ.

ಸೆಟ್ ಟಾಪ್ ಬಾಕ್ಸ್‌ನಲ್ಲಿ ಬೇರೆ ದಾರಿ ಇಲ್ಲದಿದ್ದರೆ ಹಳದಿ. ಹಳೆ ಲ್ಯಾಪ್‌ಟಾಪ್‌ಗೆ ವಿಜಿಎ, ಅದರಲ್ಲಿ ಪ್ರೊಜೆಕ್ಟರ್‌ನ ಸ್ವಂತ ರೆಸಲ್ಯೂಶನ್ ಇಡಿ, 800×600 ಅಥವಾ 1024×768 ಅಥವಾ 1280×800. ಎಚ್‌ಡಿಎಂಐ ಮಾತ್ರ ಇರುವ ಹೊಸ ಯಂತ್ರಕ್ಕೆ ಕನ್ವರ್ಟರ್ ಬೇಕು. ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಕೊಡಿ. ಕೊಡದೆ ಚಿತ್ರ ಬರುತ್ತಿಲ್ಲ ಎನ್ನುವವರೇ ಜಾಸ್ತಿ. ಎಚ್‌ಡಿಎಂಐಯಿಂದ ಹಳದಿಗೆ ಬದಲಿಸುವ ಪೆಟ್ಟಿಗೆಯಲ್ಲಿ ಪಾಲ್, ಎನ್‌ಟಿಎಸ್‌ಸಿ ಸ್ವಿಚ್ ಇರುತ್ತದೆ, ಅದನ್ನು ಪಾಲ್‌ಗೆ ಇಡಿ. ಸಿನಿಮಾ ಆ್ಯಪ್ ತೆರೆದಾಗ ಮಾತ್ರ ಪರದೆ ಕಪ್ಪಾದರೆ ಅದು ಕಾಪಿ ತಡೆಯುವ ಬೀಗ, ಕೇಬಲ್ ದೋಷ ಅಲ್ಲ.

ಸಾಕೆಟ್ಟೇ ಕೆಟ್ಟಿದ್ದರೆ

ಬೇರೆ ಕೇಬಲ್, ಬೇರೆ ಪ್ಲೇಯರ್ ಹಾಕಿದರೂ ಅದೇ ಸಾಕೆಟ್‌ನಲ್ಲಿ ಅದೇ ದೋಷ ಬಂದರೆ ಪ್ರೊಜೆಕ್ಟರ್‌ನ ಸಾಕೆಟ್‌ನ ಹಿಂದೆ ಸೋಲ್ಡರ್ ಬಿರುಕು ಬಿಟ್ಟಿರಬಹುದು. ಭಾರದ ಕೇಬಲ್ ವರ್ಷಗಟ್ಟಲೆ ಸೀಲಿಂಗ್‌ನಿಂದ ನೇತಾಡಿದರೆ ಹೀಗಾಗುತ್ತದೆ. ಪಿನ್ನನ್ನು ಮೆಲ್ಲ ಮೇಲಕ್ಕೆ ಎತ್ತಿ ಹಿಡಿದಾಗ ಚಿತ್ರ ಬಂದು, ಬಿಟ್ಟಾಗ ಹೋದರೆ ಅದು ಖಚಿತ. ಬಿಚ್ಚುವ ಸಾಹಸ ನೀವು ಮಾಡಬೇಡಿ, ಒಳಗಿನ ಪವರ್ ಸಪ್ಲೈಯಲ್ಲಿ ಪ್ಲಗ್ ತೆಗೆದ ಮೇಲೂ ಕರೆಂಟ್ ಉಳಿದಿರುತ್ತದೆ. ರಿಪೇರಿಯವರ ಹತ್ತಿರ ಒಯ್ಯುವಾಗ "ಚಿತ್ರ ಸರಿ ಇಲ್ಲ" ಎಂದಷ್ಟೇ ಹೇಳಬೇಡಿ. ಯಾವ ಸಾಕೆಟ್, ಯಾವ ಪ್ಲೇಯರ್, ಪರದೆ ಯಾವ ಬಣ್ಣಕ್ಕೆ ತಿರುಗುತ್ತದೆ, ಪಿನ್ ಯಾವ ಕಡೆ ಒತ್ತಿದಾಗ ಸರಿ ಬರುತ್ತದೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪ್ರೊಜೆಕ್ಟರ್‌ಗೆ ಅಂಟಿಸಿ ಕೊಡಿ. ಆ ಪ್ಲೇಯರನ್ನೂ ಕೇಬಲನ್ನೂ ಜೊತೆಗೇ ಒಯ್ಯಿರಿ.